ಕನ್ನಡಿ ಕಲಿಸಿದ ಕುಮ್ಮಿ

ತಮಿಳುನಾಡಿನ ಸೇಲಂ ಜಿಲ್ಲೆಯ ಕೊಳತ್ತೂರು ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಹಡಿ ಮೇಲೆ ರೋಜಾ ಬ್ಯೂಟಿ ಪಾರ್ಲರ್ ಶುರುವಾಗಿ ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಸುತ್ತಮುತ್ತಲ ಹತ್ತು ಹಳ್ಳಿಯ ಹೆಂಗಸರ ಹುಬ್ಬುಗಳೆಲ್ಲ ಒಂದೇ ಅಳತೆಗೆ ಬಂದಿದ್ದವು. ಬಾರದೆ ಉಳಿದದ್ದು ಪಾರ್ಲರಿನ ಒಡತಿಯ ಅತ್ತೆ ಲಕ್ಷ್ಮಕ್ಕನ ಹುಬ್ಬು ಮಾತ್ರ. ಅದು ಸೊಸೆಯನ್ನು ಕಂಡಾಗ ಮೇಲೇರುತ್ತಿತ್ತು, ಸೊಸೆ ಅಡುಗೆಮನೆಗೆ ಹೋದ ಮೇಲೆ ಇಳಿಯುತ್ತಿತ್ತು.

ಹಾಗಂತ ಲಕ್ಷ್ಮಕ್ಕ ಕೆಟ್ಟವಳೇನಲ್ಲ. ಮಗ ಗೋಪಿ ಕುರಿ ಸಾಗಿಸುವ ಟೆಂಪೋದಲ್ಲಿ ಎಡಪ್ಪಾಡಿ ಕಡೆಗೆ ಹೋಗಿ ಬಂದು ಮಾಡುತ್ತಿದ್ದವನು ಒಂದು ದಿನ ಅಲ್ಲಿ ಕುರಿ ಇಳಿಸಿ, ಹುಡುಗಿಯನ್ನು ಹತ್ತಿಸಿಕೊಂಡು ಬಂದುಬಿಟ್ಟ. ಆಗ ಬಯ್ಯುವುದನ್ನೆಲ್ಲ ಬಯ್ದು, ಅಳುವುದನ್ನೆಲ್ಲ ಅತ್ತು, ಕೊನೆಗೆ ಆರತಿ ಎತ್ತಿ ಒಳಗೆ ಕರೆದುಕೊಂಡವಳು ಅವಳೇ. ಆದರೆ ರೋಜಾ ಮಗ್ಗದವರ ಮನೆಯವಳು. ಅವರ ಮನೆಯಲ್ಲೂ ಕನ್ನಡವೇ. ಅದು ಮಗ್ಗದ ಕನ್ನಡ, ಇದು ಕುರಿಹಟ್ಟಿಯ ಕನ್ನಡ. ರೋಜಾ ಬಾಯಿ ಬಿಟ್ಟರೆ ಹಟ್ಟಿಯ ಹೆಂಗಸರು, "ನೂಲು ಎಳೀತಾವ್ಳೆ ನೋಡ್ರೇ" ಎಂದು ನಗುತ್ತಿದ್ದರು. ರೋಜಾ ಜೊತೆಗೇ ನಗುತ್ತಿದ್ದಳು. ಜೊತೆಗೆ ನಗದೆ ಇನ್ನೇನು ಮಾಡುವುದು?

ಅವಳಿಗೆ ನಿಜವಾಗಿ ಹೊಟ್ಟೆ ಉರಿಯುತ್ತಿದ್ದದ್ದು ಕುಮ್ಮಿಯ ದಿನ. ಮದುವೆ ಇರಲಿ, ಕಿವಿ ಚುಚ್ಚುವುದಿರಲಿ, ಹುಡುಗಿ ದೊಡ್ಡವಳಾಗಿರಲಿ, ಹಟ್ಟಿಯ ಹೆಂಗಸರು ಸುತ್ತು ಕಟ್ಟಿ, ಚಪ್ಪಾಳೆ ತಟ್ಟಿ ಕುಮ್ಮಿ ಆಡಲೇಬೇಕು. ಮೂವತ್ತು ವರ್ಷದಿಂದ ಆ ಕುಮ್ಮಿಯ ಮೊದಲ ಸಾಲನ್ನು ಎತ್ತುತ್ತಿದ್ದವಳು ಲಕ್ಷ್ಮಕ್ಕ. ಅವಳು ಎತ್ತಿದರೆ ಉಳಿದವರು ಹಿಂದೆ ಹಾಡುತ್ತಾರೆ, ಅವಳು ತಿರುಗಿದರೆ ತಿರುಗುತ್ತಾರೆ. ರೋಜಾ ಮಾತ್ರ ಹೊರಗೆ ನಿಂತು ಬೇರೆಯವರ ಮಕ್ಕಳನ್ನು ಎತ್ತಿಕೊಂಡು, ಬೇರೆಯವರ ಕೈಚೀಲ ಹಿಡಿದು, ಬೇರೆಯವರ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಮೂರು ವರ್ಷ ಆ ಸುತ್ತಿನ ಒಳಗೆ ಒಂದು ಜಾಗಕ್ಕಾಗಿ ಆಸೆಪಟ್ಟು, ಬಾಯಿ ಬಿಟ್ಟು ಕೇಳಲಾರದೆ, ಚೀಲ ಹಿಡಿದುಕೊಂಡೇ ನಿಂತಳು.

ಕುಮ್ಮಿಗೆ ಒಂದು ಕಟ್ಟಳೆ ಇದೆ. ನಡುವೆ ಕೂತವರು ಆಡುವವರ ಬಲಗೈ ಕಡೆಗೇ ಇರಬೇಕು. ಅದು ಬಲಸುತ್ತು. ಯಾರಾದರೂ ಸತ್ತಾಗಲೂ ಹೆಂಗಸರು ಹೆಣದ ಸುತ್ತ ಎದೆ ಬಡಿದುಕೊಂಡು ಹೀಗೇ ಸುತ್ತುತ್ತಾರೆ, ಆದರೆ ಆಗ ಹೆಣ ಎಡಗೈ ಕಡೆಗೆ. ಅದು ಎಡಸುತ್ತು. ಬದುಕಿದವರಿಗೆ ಬಲ, ಸತ್ತವರಿಗೆ ಎಡ. ಹಟ್ಟಿಯಲ್ಲಿ ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಮುಂದಿದ್ದವಳ ಹಿಂದೆ ಹೋದರೆ ಸಾಕು. ಅದರಿಂದಾಗಿ ರೋಜಾಳಿಗೂ ಯಾರೂ ಹೇಳಲಿಲ್ಲ.

ಈ ಸಲದ ಸಂಗತಿ ಮಾವ ಅಪ್ಪಯ್ಯನದು. ಆರು ತಿಂಗಳ ಹಿಂದೆ ಸೇಲಂನ ಒಂದು ಆಸ್ಪತ್ರೆಯಲ್ಲಿ ಅಪ್ಪಯ್ಯನ ಎದೆಗೆ ಸ್ಟೆಂಟ್ ಹಾಕಿದ್ದರು. ಅಲ್ಲಿಂದ ಬಂದ ಮೇಲೆ ಆ ಮನುಷ್ಯ ತನ್ನ ನಾಡಿಯನ್ನು ತಾನೇ ಹಿಡಿದುಕೊಂಡು ಕೂರುವುದನ್ನು ಕಲಿತ. ಕಾಡಿನಲ್ಲಿ ಒಂಟಿಯಾಗಿ ನೂರು ಕುರಿ ಕಾಯ್ದವನು, ಈಗ ಮನೆಯಲ್ಲಿ ಯಾರಾದರೂ "ಅಪ್ಪಯ್ಯ ಹೋದರಾ?" ಎಂದು ಕೇಳಿದರೆ, "ಎಲ್ಲಿಗಲಾ ಓಗೋದು ನಾನು? ಇಲ್ಲೇ ಇವ್ನಿ!" ಎಂದು ಒಳಗಿನಿಂದಲೇ ಕೂಗುತ್ತಿದ್ದ. ಅದರ ಮೇಲೆ ನಂಗವಳ್ಳಿಯ ಜೋಯಿಸನೊಬ್ಬ, ಅರವತ್ತು ತುಂಬುವ ವರ್ಷ ಕಂಟಕದ ವರ್ಷ, ಹೆಂಡತಿಯ ಜೊತೆ ಇನ್ನೊಂದು ಸಲ ತಾಳಿ ಕಟ್ಟಿ ಅರವತ್ತರ ಮದುವೆ ಮಾಡಿಕೊಂಡರೆ ಎಲ್ಲ ಕಳೆಯುತ್ತದೆ ಎಂದ. ಅಪ್ಪಯ್ಯ ಅದೇ ದಿನ ನಂಗವಳ್ಳಿಯಲ್ಲಿ ಮಂಟಪ ಗೊತ್ತುಮಾಡಿ ಬಂದ. ಮೊದಲ ಮದುವೆಗೆ ಅವನು ಇಷ್ಟು ಅವಸರ ಮಾಡಿರಲಿಲ್ಲ ಎಂದು ಲಕ್ಷ್ಮಕ್ಕ ಎಲ್ಲರಿಗೂ ಹೇಳಿಕೊಂಡು ನಕ್ಕಳು.

ನಕ್ಕಾದ ಮೇಲೆ ತಲೆನೋವು ಹತ್ತಿತು. ಮದುಮಗಳು ತನ್ನ ಮದುವೆಗೆ ತಾನೇ ಕುಮ್ಮಿ ಎತ್ತುವಂತಿಲ್ಲ. ಅವಳ ಓರಗೆಯ ಹೆಂಗಸರದ್ದೆಲ್ಲ ಮಂಡಿ ಹೋಗಿತ್ತು. ಉಳಿದವರೆಂದರೆ ಮಗಳು ಭಾಗ್ಯಲಕ್ಷ್ಮಿ, ಮತ್ತು ರೋಜಾ. ಭಾಗ್ಯಲಕ್ಷ್ಮಿಯನ್ನು ಧರ್ಮಪುರಿ ಜಿಲ್ಲೆಯ ಪೆನ್ನಾಗರಕ್ಕೆ ಕೊಟ್ಟಿತ್ತು. ಹುಟ್ಟಿದಾಗಿನಿಂದ ತಾಯಿಯ ಬೆನ್ನ ಹಿಂದೆ ಕುಮ್ಮಿ ಆಡಿದವಳು, ಆದರೆ ಗಂಟಲು ಮಾತ್ರ ಹಸಿದ ಟಗರಿನದು. ಲಕ್ಷ್ಮಕ್ಕ ಎರಡು ದಿನ ಯೋಚಿಸಿ, ಮೂರನೆಯ ದಿನ ರಾಗಿ ಬೀಸುತ್ತಾ, ಮುಖ ಎತ್ತದೆ ಹೇಳಿದಳು:

"ರೋಜಾ, ನೀನೇ ಎತ್ತು. ಚೆಂದಾಗಿ ಬಂತಾ, ಇನ್ಮ್ಯಾಕೆ ನಿಂದೇ. ಕೆಡ್ತಾ, ಭಾಗ್ಯ ಎತ್ತಾಳೆ. ಆಮೇಲೆ ಯಾಕತ್ತೆ, ಏನತ್ತೆ ಅಂತ ನನ್ ಹತ್ರ ಬರ್ಬ್ಯಾಡ."

ರೋಜಾಳಿಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು, "ಸರಿ ಅತ್ತೆ, ಒಂದ್ಸಲ ಆಡಿ ತೋರ್ಸಿ, ವಿಡಿಯೋ ತೆಗೆದ್ಕೊಂಡು ಪಾರ್ಲರ್‌ನಲ್ಲಿ ಎಲ್ಲರಿಗೂ ಪ್ರಾಕ್ಟೀಸ್ ಕೊಡ್ತೀನಿ. ಅಲ್ಲಿ ಗೋಡೆ ತುಂಬ ಕನ್ನಡಿ ಐತಲ್ಲ" ಎಂದಳು.

ಲಕ್ಷ್ಮಕ್ಕ ಬೀಸುವುದನ್ನು ನಿಲ್ಲಿಸಿದಳು. "ಕನ್ನಡಿ ಯಾತಕ್ಕೆ?"

"ನಾವು ಹೆಂಗೆ ಆಡ್ತೀವಿ ಅಂತ ನಮಗೆ ಗೊತ್ತಾಗ್ಬೇಕಲ್ಲ ಅತ್ತೆ. ಬೆನ್ನು ಬಗ್ಗಿದ್ರೆ, ಕೈ ಕೆಳಗೆ ಬಿದ್ರೆ ತಿದ್ಕೋಬೋದು. ಸೇಲಂನಾಗೆ ನಾನು ಕೋರ್ಸ್ ಮಾಡೋವಾಗ ಪಕ್ಕದ ಹಾಲ್‌ನಲ್ಲಿ ಡ್ಯಾನ್ಸ್ ಕ್ಲಾಸ್ ಇತ್ತು. ಅಲ್ಲಿ ಎಲ್ಲರೂ ಕನ್ನಡಿ ಮುಂದೆನೇ ಕಲಿಯೋದು."

"ಕನ್ನಡಿ ನೋಡ್ಕಂಡು ಕುಣಿಯೋಳು ಕನ್ನಡಿಗೇ ಕುಣೀತಾಳೆ ಕಣೇ. ಕುಮ್ಮಿಯಾಗೆ ಎದುರ್ಗಿರೋಳ ಮುಖ ನೋಡ್ಬೇಕು. ಅವಳು ನಕ್ರೆ ನೀನು ಸರಿಯಾಗಿದ್ದೀಯ ಅಂತ."

"ಎದುರ್ಗಿರೋಳೇ ತಪ್ಪು ಮಾಡಿದ್ರೆ?"

"ಆಗ ಇಬ್ರೂ ತಪ್ಪು ಮಾಡ್ರಿ. ಜೋಡಿ ತಪ್ಪು ತಪ್ಪಲ್ಲ" ಎಂದು ಲಕ್ಷ್ಮಕ್ಕ ಮತ್ತೆ ಬೀಸತೊಡಗಿದಳು.

ರೋಜಾಳಿಗೆ ಈ ಮಾತು ಹಿಡಿಸಲಿಲ್ಲ. ಕನ್ನಡಿಯ ಅನ್ನ ತಿನ್ನುವವಳು ಅವಳು. ಕನ್ನಡಿಗೆ ಮುಖದಾಕ್ಷಿಣ್ಯವಿಲ್ಲ, ನೆಂಟಸ್ತನವಿಲ್ಲ, ಮಗ್ಗದವಳು ಹಟ್ಟಿಯವಳು ಎನ್ನುವ ಭೇದವಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಎದುರಿಗಿನವಳ ಮುಖ ನೋಡಿದರೆ ಏನು ಸಿಗುತ್ತದೆ? ಮೂರು ವರ್ಷ ಎದುರಿಗಿನವರ ಮುಖ ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

ಆದರೂ ಅತ್ತೆ ಅಂಗಳಕ್ಕೆ ಬಂದಳು. ನಡುವೆ ಒರಳುಕಲ್ಲು ಇಟ್ಟು, ಅದೇ ಅಪ್ಪಯ್ಯ ಅಂದುಕೋ ಎಂದಳು. ಜಗಲಿಯ ಮೇಲೆ ನಾಡಿ ಹಿಡಿದು ಕೂತಿದ್ದ ಅಪ್ಪಯ್ಯನಿಗೆ ಇದು ಇಷ್ಟವಾಗಲಿಲ್ಲ. ರೋಜಾ ಫೋನನ್ನು ಜಗಲಿಯ ಕಂಬಕ್ಕೆ ಆನಿಸಿ ನಿಲ್ಲಿಸಿದಳು. ತಾನು ಹೇಗೆ ಆಡುತ್ತೇನೆ ಎಂದು ಆಡುವಾಗಲೇ ಕಾಣಲಿ ಎಂದು ಸೆಲ್ಫಿ ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿಟ್ಟಳು. ಲಕ್ಷ್ಮಕ್ಕ ಮೊದಲ ಸಾಲು ಎತ್ತಿದಳು:

"ಅವರೆಯ ಹೊಲದ ಮ್ಯಾಗೆ ಬೆಳ್ಳಿ ಮೂಡೈತೆ..."

ಅಯ್ಯೋ, ಆ ದನಿ! ಅರವತ್ತು ಮುಟ್ಟುತ್ತಿದ್ದ ಹೆಂಗಸು ಒರಳಿನ ಸುತ್ತ ಐದೇ ಸುತ್ತು ಬಂದಳು, ಆರನೆಯದಕ್ಕೆ ಮಂಡಿ ಬೇಡವೆಂದಿತು. ರೋಜಾ ಅವಳ ಹಿಂದೆ ಹಿಂದೆ ಹೆಜ್ಜೆ ಹಾಕಿದಳು, ಕಣ್ಣು ಮಾತ್ರ ಫೋನಿನ ಮೇಲೆ. ಐದು ಸುತ್ತಿನ ವಿಡಿಯೋ ಸಿಕ್ಕಿತು. ಅವಳು ಅದನ್ನು ಚಿನ್ನದ ಹಾಗೆ ಎತ್ತಿಟ್ಟುಕೊಂಡಳು.

ಸೆಲ್ಫಿ ತೆಗೆದು ಅಭ್ಯಾಸವಿರುವ ಓದುಗರು ಇಷ್ಟರಲ್ಲೇ ತಲೆ ಚಚ್ಚಿಕೊಂಡಿರಬಹುದು. ಚಚ್ಚಿಕೊಂಡರೆ ಏನು ಬಂತು, ಆ ಅಂಗಳದಲ್ಲಿ ನೀವು ಇರಲಿಲ್ಲ.

ಪಾರ್ಲರಿನ ಪ್ರಾಕ್ಟೀಸು ಮೂರು ಭಾನುವಾರ ನಡೆಯಿತು. ರೋಜಾಳನ್ನು ಸೇರಿಸಿ ಎಂಟು ಜನ. ಎಲ್ಲ ಹಟ್ಟಿಯ ಹೊಸ ಕಾಲದ ಹುಡುಗಿಯರು, ಓದಿಗೆ ಕೆಲಸಕ್ಕೆ ಮೇಟೂರು, ಕೊಳತ್ತೂರು ಅಂತ ಬಸ್ಸು ಹತ್ತುವವರು. ತಮ್ಮೊಳಗೆ ತಮಿಳೇ ಆಡುವವರು, ಕುಮ್ಮಿಯ ಹಾಡಿನ ಅರ್ಥವನ್ನು ಒಬ್ಬರನ್ನೊಬ್ಬರು ಕೇಳುವವರು. ಪಾರ್ಲರು ಅಗಲವಿರಲಿಲ್ಲ. ಸುತ್ತು ಕಟ್ಟಲು ಹೋದರೆ ಒಬ್ಬಳು ಗೊಬ್ಬರದಂಗಡಿಯ ಮೆಟ್ಟಿಲ ಮೇಲೆ ಇರಬೇಕಾಗುತ್ತಿತ್ತು. ಹೀಗಾಗಿ ಕನ್ನಡಿಗೆ ಮುಖ ಮಾಡಿ ನಾಲ್ಕು ನಾಲ್ಕು ಜನರ ಎರಡು ಸಾಲು. ರೋಜಾ ವಿಡಿಯೋ ನೋಡಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು: ಎರಡು ಹೆಜ್ಜೆ, ಒಂದು ಚಪ್ಪಾಳೆ, ಬಾಗು, ತಿರುಗು, ಒರಳು ಎಡಗೈ ಕಡೆಗೆ. ಕೊನೆಯದರ ಕೆಳಗೆ ಗೆರೆ ಬೇರೆ ಎಳೆದಿದ್ದಳು.

ಕನ್ನಡಿ ತನ್ನ ಕೆಲಸ ಮಾಡಿತು. ಮೊದಲ ಭಾನುವಾರ ಕಲೈಸೆಲ್ವಿ ಎಂಬ ಹುಡುಗಿ ಚಪ್ಪಾಳೆಯ ನಡುವೆ ನಿಂತು, "ಅಯ್ಯಯ್ಯೋ, ನನಗೆ ಇಷ್ಟು ಮೀಸೆ ಇತ್ತಾ?" ಎಂದಳು. ಅವಳ ಪಕ್ಕದವಳು ತನ್ನದನ್ನು ನೋಡಿಕೊಂಡಳು. ಪ್ರಾಕ್ಟೀಸು ಹದಿನೈದು ನಿಮಿಷ, ಥ್ರೆಡಿಂಗ್ ಎರಡು ಗಂಟೆ ಆಯಿತು. ಎರಡನೆಯ ಭಾನುವಾರ ಎಲ್ಲರ ಬೆನ್ನು ನೆಟ್ಟಗಾಯಿತು, ಹೊಟ್ಟೆ ಒಳಗೆ ಹೋಯಿತು, ಕೈ ಒಂದೇ ಎತ್ತರಕ್ಕೆ ಬಂತು. ಎಂಟು ಜನ ಎಂಟು ಕಡೆಯಿಂದ ತಮ್ಮನ್ನು ತಾವೇ ನೋಡಿಕೊಂಡು ನಗುವುದನ್ನು ಕಂಡು ರೋಜಾಳಿಗೆ ಹೆಮ್ಮೆ ಉಕ್ಕಿತು. ಹಟ್ಟಿಯ ಕುಮ್ಮಿ ಇಷ್ಟು ಅಚ್ಚುಕಟ್ಟಾಗಿ ಎಂದೂ ಇರಲಿಲ್ಲ ಎಂದುಕೊಂಡಳು. ಅದು ನಿಜವೂ ಹೌದು.

ಮೂರನೆಯ ಭಾನುವಾರ ಒಬ್ಬ ಹುಡುಗಿ ಬಿಟ್ಟುಹೋಗಿ, ಅವಳ ಜಾಗಕ್ಕೆ ಭಾಗ್ಯಲಕ್ಷ್ಮಿ ಪೆನ್ನಾಗರದಿಂದ ಬಂದಳು. ಬಂದವಳು ಮೊದಲು ವಿಡಿಯೋ ನೋಡಿದಳು. ನೋಡುತ್ತಾ ನೋಡುತ್ತಾ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಇದು ನಮ್ಮನೆ ಅಂಗಳನೇ ಅಲ್ವಾ?"

"ಹೂಂ ಅತ್ತಿಗೆ."

"ಬೇವಿನ ಮರ ಈ ಕಡೆ ಯಾಕೈತೆ? ಅದು ಆ ಕಡೆ ಅಲ್ವಾ ಇರೋದು?"

"ಅದು ಕ್ಯಾಮೆರಾ ಆ್ಯಂಗಲ್ ಅತ್ತಿಗೆ" ಎಂದಳು ರೋಜಾ, ತಿಳಿದವರ ಧಾಟಿಯಲ್ಲಿ.

ಭಾಗ್ಯಲಕ್ಷ್ಮಿ ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಕನ್ನಡಿಯಲ್ಲಿ ತನ್ನ ತಲೆಯ ಬಿಳಿ ಕೂದಲು ಕಂಡಿತು. ಬೇವಿನ ಮರದ ಮಾತು ಅಲ್ಲಿಗೆ ನಿಂತು, ಮೆಹಂದಿಯ ಮಾತು ಶುರುವಾಯಿತು.

ಮದುವೆಯ ದಿನ ನಂಗವಳ್ಳಿಯ ಮಂಟಪದಲ್ಲಿ ಮುನ್ನೂರು ಜನ. ಈಗಿನ ಮಂಟಪಗಳಲ್ಲಿ ಮದುವೆ ನೋಡಲು ಮದುವೆಯ ಕಡೆ ತಿರುಗಬೇಕಾಗಿಲ್ಲ. ಒಂದು ಪಕ್ಕದ ಗೋಡೆಯಗಲಕ್ಕೂ ಪರದೆ ಇತ್ತು. ವಿಡಿಯೋದವನು ಹಿಡಿದದ್ದೆಲ್ಲ ಅದರಲ್ಲಿ ಆಗಿಂದಾಗಲೇ ಕಾಣುತ್ತಿತ್ತು. ಅಪ್ಪಯ್ಯ ರೇಷ್ಮೆ ಪಂಚೆ ಉಟ್ಟು, ಎರಡನೆಯ ಸಲ ತಾಳಿ ಕಟ್ಟಿದ. ಕಟ್ಟಿ ಮುಗಿದ ಕೂಡಲೇ ನಾಡಿ ಮುಟ್ಟಿ ನೋಡಿಕೊಂಡ. ಆಮೇಲೆ ಗಂಡಹೆಂಡಿರಿಬ್ಬರನ್ನೂ ವೇದಿಕೆಯಿಂದ ಇಳಿಸಿ ಮಂಟಪದ ನಡುವೆ ಕುರ್ಚಿ ಹಾಕಿ ಕೂರಿಸಿದರು. ಹೋಮದ ಹೊಗೆ ಕಣ್ಣಿಗೆ ಹೊಡೆದು ಲಕ್ಷ್ಮಕ್ಕ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಎಂಟು ಹೆಂಗಸರು ಮಾವಿನೆಲೆ ಬಣ್ಣದ ಸೀರೆಯಲ್ಲಿ ಸುತ್ತು ಕಟ್ಟಿ ನಿಂತರು.

ಸುತ್ತಿನಲ್ಲಿ ಅವರು ಒಟ್ಟಿಗೆ ನಿಂತದ್ದು ಅದೇ ಮೊದಲು. ರೋಜಾ ಅಭ್ಯಾಸಬಲದಿಂದ ಕನ್ನಡಿ ಹುಡುಕಿದಳು. ಎದುರಿಗೆ ಕನ್ನಡಿಯಿಲ್ಲ, ಬರೀ ಮುಖಗಳು. ನೋಟ್‌ಬುಕ್ಕಿನ ಗೆರೆ ಎಳೆದ ಸಾಲು ನೆನಪಾಯಿತು. ಒರಳು ಎಡಗೈ ಕಡೆಗೆ. ಮಾವನನ್ನು ಎಡಗೈ ಕಡೆಗೆ ಮಾಡಿಕೊಂಡು ಅವಳು ಮೊದಲ ಸಾಲು ಎತ್ತಿದಳು. ದನಿ ಚೆನ್ನಾಗಿಯೇ ಬಂತು. ಏಳು ಜನ ಹಿಂದೆ ಹಾಡಿದರು, ಹದಿನಾರು ಅಂಗೈ ಒಂದೇ ಸಲಕ್ಕೆ ಕೂಡಿದವು, ಸುತ್ತು ಹೊರಟಿತು.

ಮೊದಲ ಸುತ್ತಿಗೆ ಹಟ್ಟಿಯ ಹಿರಿಯ ಹೆಂಗಸರು ತಾಂಬೂಲ ಅಗಿಯುವುದನ್ನು ನಿಲ್ಲಿಸಿದರು. ಎರಡನೆಯದಕ್ಕೆ, "ಇದ್ಯಾವ ಕಡೆ ಓಯ್ತಾ ಅವ್ರೆ?" ಎಂದು ಒಬ್ಬಳು ಕೇಳಿದಳು. "ಪಾರ್ಲರ್ ಫ್ಯಾಷನ್ ಇರ್ಬೋದು, ತಿರುಗ್ತಾರೆ ತಡಿ" ಎಂದಳು ಇನ್ನೊಬ್ಬಳು. ಯಾರೂ ತಿರುಗಲಿಲ್ಲ. ತಿರುಗುವುದಿರಲಿ, ಆಡುವವರಲ್ಲಿ ಒಬ್ಬಳೂ ಇನ್ನೊಬ್ಬಳ ಕಡೆ ನೋಡುತ್ತಿರಲಿಲ್ಲ. ಏಳು ಜನರ ಕಣ್ಣೂ, ಬಲಸುತ್ತು ಬಲ್ಲ ಭಾಗ್ಯಲಕ್ಷ್ಮಿಯದೂ ಸೇರಿ, ಗೋಡೆಯ ಪರದೆಯ ಮೇಲೆ. ಪಾರ್ಲರಿನ ಕನ್ನಡಿಗಿಂತ ದೊಡ್ಡದಾಗಿ, ಬೆಳ್ಳಗೆ, ಮೀಸೆಯಿಲ್ಲದೆ ತಾವು ಕಾಣುತ್ತಿದ್ದುದನ್ನು ನೋಡಿಕೊಂಡು ಅವರು ನಗುತ್ತಾ ನಗುತ್ತಾ ಎಡಸುತ್ತು ಸುತ್ತುತ್ತಿದ್ದರು.

ಮೂರನೆಯ ಸುತ್ತಿಗೆ ಮಾರಿಯಮ್ಮ ಎಚ್ಚರಗೊಂಡಳು.

ಮಾರಿಯಮ್ಮನ ಬಗ್ಗೆ ಹೇಳಬೇಕು. ಎಂಬತ್ತು ದಾಟಿದ ಮುದುಕಿ, ಕಣ್ಣಿಗೆ ಪೊರೆ. ಹತ್ತು ಹಳ್ಳಿಯಲ್ಲಿ ಎಲ್ಲಿ ಸಾವಾದರೂ ಸತ್ತವರನ್ನು ಹೊಗಳುವ ಒಪ್ಪಾರಿ ಹಾಡಿ ಅಳುವುದು ಅವಳೇ. ಅವಳು ಎತ್ತದೆ ಹೆಣ ಎತ್ತುವಂತಿರಲಿಲ್ಲ. ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ಕಣ್ಣು ಬಿಟ್ಟರೆ ಮಸುಕಾಗಿ ಏನು ಕಾಣಬೇಕು? ನಡುವೆ ಹೂವಿನ ರಾಶಿಯಲ್ಲಿ ಅಪ್ಪಯ್ಯ. ಸುತ್ತ ಹೆಂಗಸರು ಎಡಕ್ಕೆ. ಕಳೆದ ಆರು ತಿಂಗಳಿಂದ ಅಪ್ಪಯ್ಯನ ಎದೆಯ ಸುದ್ದಿ ಕೇಳುತ್ತಿದ್ದವಳಿಗೆ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ. ಕಸುಬು ಕಸುಬೇ. ಎದೆ ಬಡಿದುಕೊಂಡು ಎದ್ದೇ ಬಿಟ್ಟಳು:

"ಅಯ್ಯೋ ನನ್ನಪ್ಪಾ ಅಪ್ಪಯ್ಯಾ... ಮಂದೆ ಬಿಟ್ಟು ಎತ್ಲಾಗೆ ನಡೆದ್ಯೋ... ನೀರು ಕೇಳ್ದೋರ್ಗೆ ಮಜ್ಜಿಗೆ ಕೊಟ್ಟೋನೇ... ಮರಿ ಕೇಳ್ದೋರ್ಗೆ ತಾಯೀನೂ ಕೊಟ್ಟೋನೇ..."

ಮುನ್ನೂರು ಜನ ಅತ್ತ ತಿರುಗಿದರು. ಪುರೋಹಿತನ ಕೈಯ ಅಕ್ಷತೆ ಕೈಯಲ್ಲೇ ಉಳಿಯಿತು. ಅಪ್ಪಯ್ಯ ತನ್ನ ಎಡಗೈಯನ್ನು ಬಲಗೈಯಿಂದ ಹಿಡಿದು ನಾಡಿ ಹುಡುಕತೊಡಗಿದ. ವಿಡಿಯೋದವನು ಒಳ್ಳೆಯ ಕೆಲಸಗಾರ, ಸಮಯ ನೋಡಿ ಆ ಮುಖವನ್ನೇ ಪರದೆಯ ತುಂಬ ಹಿಡಿದ.

ರೋಜಾ ಅದೇ ಹೊತ್ತಿಗೆ ಅತ್ತೆಯ ಎದುರಿಗೆ ಬಂದಿದ್ದಳು. ಲಕ್ಷ್ಮಕ್ಕ ಕಣ್ಣೊರೆಸಿಕೊಂಡು ಸೆರಗು ಇಳಿಸಿದಳು. ಅವಳ ಮೂಗುತಿ ಬೆಳಕಿಗೆ ಮಿನುಗಿತು. ರೋಜಾ ಅದನ್ನೇ ನೋಡಿದಳು. ಈ ಮೂಗುತಿ ವಿಡಿಯೋದಲ್ಲಿ ಆ ಕಡೆಯ ಹೊಳ್ಳೆಯಲ್ಲಿತ್ತು. ನೂರು ಸಲ ನೋಡಿದ ವಿಡಿಯೋ ಅದು. ಮೂಗುತಿ ಆ ಕಡೆ, ಬೇವಿನ ಮರ ಆ ಕಡೆ, ಒರಳೂ ಆ ಕಡೆ. ಮಾರಿಯಮ್ಮನ ಅಳು ಕಿವಿಗೆ ಬಿದ್ದು, ಸಾವಿನ ಮನೆಯಲ್ಲಿ ಹೆಂಗಸರು ಹೀಗೇ ಸುತ್ತುವುದನ್ನು ಕಂಡದ್ದು ನೆನಪಾಯಿತು. ಅಯ್ಯೋ ದೇವರೇ. ಫೋನು ಕನ್ನಡಿಯ ಹಾಗೆ ಬಲವನ್ನು ಎಡ ಮಾಡಿ ತೋರಿಸಿತ್ತು. ಅವಳು ಅದನ್ನು ಕಲಿತು, ಏಳು ಜನಕ್ಕೆ ಕಲಿಸಿ, ಬದುಕಿರುವ ಮಾವನ ಸುತ್ತ ಸತ್ತವರ ಸುತ್ತು ಹಾಕಿಸುತ್ತಿದ್ದಳು.

ಅವಳು ಕಣ್ಣಿನಲ್ಲೇ ಸನ್ನೆ ಮಾಡಿದಳು. ಯಾರು ನೋಡಬೇಕು? ಎಲ್ಲರೂ ಪರದೆಯಲ್ಲಿದ್ದರು. ಕೊನೆಗೆ ಅವಳೊಬ್ಬಳೇ ಗಕ್ಕನೆ ಹಿಂದಕ್ಕೆ ತಿರುಗಿದಳು. ಹಿಂದಿದ್ದ ಕಲೈಸೆಲ್ವಿಯ ಹಣೆ ಅವಳ ಹಣೆಗೆ ಬಡಿಯಿತು. ಕಲೈಸೆಲ್ವಿಯ ಮೇಲೆ ಇನ್ನೊಬ್ಬಳು, ಅವಳ ಮೇಲೆ ಮತ್ತೊಬ್ಬಳು ಬಿದ್ದರು. ಸಂತೆಯಲ್ಲಿ ಟೆಂಪೋದಿಂದ ಇಳಿಸಿದ ಕುರಿಗಳ ಹಾಗೆ ಎಂಟು ಹೆಂಗಸರು ಒಂದು ರಾಶಿಯಾದರು. ಹಾಡು ನಿಂತಿತು. ಮಾರಿಯಮ್ಮನದು ಮಾತ್ರ ನಿಲ್ಲಲಿಲ್ಲ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಪಶಕುನ ಎಂದವರು ಹತ್ತು ಜನ, ಪರಿಹಾರ ಹೇಳಿದವರು ಇಪ್ಪತ್ತು ಜನ. "ನಾನು ಅವತ್ತೇ ಏಳ್ದೆ, ಬೇವಿನ ಮರ ಆ ಕಡೆ ಅಂತ!" ಎಂದು ಭಾಗ್ಯಲಕ್ಷ್ಮಿ ರಾಶಿಯ ಕೆಳಗಿನಿಂದಲೇ ಕೂಗಿದಳು. ಗೋಪಿ ಓಡಿ ಬಂದು ಫೋನು ಕಿತ್ತುಕೊಂಡು ನೋಡಿ, ಸಮಾಧಾನದ ಮುಖದಲ್ಲಿ ಎಲ್ಲರಿಗೂ ತೋರಿಸಿದ. "ಇದು ಸೆಟ್ಟಿಂಗ್ ತಪ್ಪ್ರೀ. ಸೆಲ್ಫಿ ಕ್ಯಾಮೆರಾ ಎಡಬಲ ಮಾಡ್ಬಿಟ್ಟೈತೆ. ಇವಳ್ದೇನೂ ತಪ್ಪಿಲ್ಲ, ಫೋನ್‌ದು."

ಜನಕ್ಕೂ ಇದು ಒಪ್ಪಿಗೆಯಾಯಿತು. ತಪ್ಪು ಫೋನಿನದು ಎಂದರೆ ಯಾರಿಗೂ ನೋವಿಲ್ಲ. ರೋಜಾ ಹಣೆಯ ಮೇಲೆ ಎದ್ದ ಗುಬುಟನ್ನು ಒತ್ತಿಕೊಂಡು ನಿಂತಿದ್ದಳು. ಸುಮ್ಮನಿದ್ದಿದ್ದರೆ ಅವಳೂ ಬಚಾವಾಗುತ್ತಿದ್ದಳು. ಆದರೆ ಅವಳಿಗೆ ಆ ಹೊತ್ತಿನಲ್ಲಿ ಬಚಾವಾಗುವುದು ಬೇಕಿರಲಿಲ್ಲ. ಮೂರು ವರ್ಷ ಕಾದ ಸುತ್ತನ್ನು ಅವಳೇ ಕೈಯಾರೆ ಕೆಡಿಸಿದ್ದಳು, ನಾಚಿಕೆಯಿಂದ ಕಿವಿಯೆಲ್ಲ ಸುಡುತ್ತಿತ್ತು.

"ಫೋನ್‌ದಲ್ಲ, ನಂದೇ ತಪ್ಪು" ಎಂದಳು. "ಅತ್ತೆ ಮೂಗುತಿ ಯಾವ ಕಡೆ ಐತೆ ಅಂತ ನನಗೆ ಗೊತ್ತಿಲ್ವಾ? ದಿನಾ ನೋಡೋ ಮುಖ. ವಿಡಿಯೋ ನೂರು ಸಲ ನೋಡ್ದೆ. ನೂರು ಸಲಾನೂ ನನ್ನೇ ನೋಡ್ಕೊಂಡೆ. ಅತ್ತೇನ ಒಂದ್ಸಲಾನೂ ನೋಡ್ಲಿಲ್ಲ." ಅಷ್ಟು ಹೇಳಿ ಅತ್ತುಬಿಟ್ಟಳು.

ಅಷ್ಟರಲ್ಲಿ ಮಾರಿಯಮ್ಮ ಮೊದಲ ಪದ ಮುಗಿಸಿ ಎರಡನೆಯದಕ್ಕೆ ಉಸಿರು ಎಳೆದುಕೊಂಡಳು. ಯಾರೋ ಹೋಗಿ ಅವಳ ಬಾಯಿ ಮುಚ್ಚಿ, "ಅಜ್ಜೀ, ಸತ್ತಿಲ್ಲ, ಮದ್ವೆ ಇದು!" ಎಂದು ಕಿವಿಯಲ್ಲಿ ಕೂಗಿದರು.

"ಬಿಡ್ರಲಾ ಅವಳ್ನ" ಎಂದ ಅಪ್ಪಯ್ಯ.

ಎಲ್ಲರೂ ತಿರುಗಿ ನೋಡಿದರು. ಅಪ್ಪಯ್ಯ ನಾಡಿಯನ್ನು ಬಿಟ್ಟಿದ್ದ. "ಅದೇನೋ ಏಳ್ತಿದ್ಲು. ಮರಿ ಕೇಳ್ದೋರ್ಗೆ ತಾಯೀನೂ ಕೊಟ್ಟೆ ಅಂತ. ಅದು ನಿಜ. ಒಂದ್ ವರ್ಷ ಪಕ್ಕದ ಅಟ್ಟಿ ಶರವಣಕುಮಾರ್‌ಗೆ ಮರಿ ಜೊತೆ ತಾಯಿ ಕುರೀನೂ ಕೊಟ್ಟಿದ್ದೆ. ಇವಳ್ಗೆ ಜ್ಞಾಪಕ ಐತೆ ನೋಡ್ರಿ. ಮಿಕ್ಕಿದ್ದೂ ಏಳ್ಬಿಡ್ಲಿ. ನಲವತ್ತು ವರ್ಷ ಈ ನನ್ನೆಂಡ್ತಿ ಜೊತೆ ಬಾಳುವೆ ಮಾಡ್ದೆ, ಒಂದ್ ದಿನ ನನ್ನ ಇಂಗೆ ಒಗಳಿಲ್ಲ. ಸತ್ಮ್ಯಾಗೆ ಒಗಳುದ್ರೆ ನನಗೇನ್ ಕೇಳ್ತದಾ?"

ಮಂಟಪದ ಒಂದು ಮೂಲೆಯಿಂದ ಯಾರೋ ಕಿಸಕ್ಕೆಂದರು. ಮುನ್ನೂರು ಜನರ ನಗು ಒಡೆದುಕೊಂಡಿತು. ಪುರೋಹಿತ ಕೂಡ ಅಕ್ಷತೆಯ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಮಾರಿಯಮ್ಮನಿಗೆ ಒಂದು ಲೋಟ ಕಾಫಿ ಕೊಟ್ಟರು. ಅವಳು ಅದನ್ನು ಕುಡಿದು, ಬದುಕಿದವನಿಗೆ ಹಾಡುವುದು ತನಗೆ ಬರುವುದಿಲ್ಲವೆಂದೂ ಸಮಯ ಬಂದಾಗ ಉಳಿದದ್ದನ್ನು ಹಾಡುವೆನೆಂದೂ ಹೇಳಿ ಮತ್ತೆ ಕಂಬಕ್ಕೆ ಒರಗಿದಳು.

ಲಕ್ಷ್ಮಕ್ಕ ಮಾತ್ರ ನಕ್ಕಿರಲಿಲ್ಲ. ಮದುಮಗಳ ಹಾರವನ್ನು ಕುತ್ತಿಗೆಯಿಂದ ತೆಗೆದು ಕುರ್ಚಿಯ ಮೇಲಿಟ್ಟು ಎದ್ದಳು.

"ಎಷ್ಟು ಸುತ್ತು ಓಯ್ತು?"

"ಮೂರು" ಎಂದಳು ಕಲೈಸೆಲ್ವಿ.

"ಮೂರು ಎಡಕ್ಕೆ ಆರು ಬಲ ಆಕಿದ್ರೆ ಸರಿಓಯ್ತದೆ. ನಮ್ಮತ್ತೆ ಕಾಲದಾಗೂ ಒಂದ್ಸಲ ಇಂಗೇ ಆಗಿತ್ತು."

ನಿಜವಾಗಿ ಆಗಿತ್ತೋ, ಆ ಗಳಿಗೆಯಲ್ಲಿ ಹುಟ್ಟಿಸಿದಳೋ, ಕೇಳುವ ಧೈರ್ಯ ಯಾರಿಗಿತ್ತು?

"ಒಂಬತ್ತು ಆಕ್ರಿ" ಎಂದ ಅಪ್ಪಯ್ಯ. "ಅದೂ ಅಲ್ಲದೆ ನೀನು ಯಾಕೆ ಎದ್ದೆ? ನಾನೊಬ್ನೇ ನಡುವೆ ಕೂತ್ರೆ ಥೇಟ್ ಅದೇ ಆಗೋಯ್ತದೆ."

"ಬಾಯಿ ಮುಚ್ಕಂಡು ಕೂತ್ಕ. ಹೆಣ ಇಷ್ಟು ಮಾತಾಡಲ್ಲ." ಲಕ್ಷ್ಮಕ್ಕ ವಿಡಿಯೋದವನ ಕಡೆ ತಿರುಗಿ, "ಏ ತಂಬೀ, ಆ ಪರದೆ ಆರ್ಸು" ಎಂದಳು. ಗೋಡೆ ಕಪ್ಪಾಯಿತು. ಏಳು ಹೆಂಗಸರು ನಿದ್ದೆಯಿಂದ ಎದ್ದವರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು.

ಸುತ್ತು ಮತ್ತೆ ಕಟ್ಟಿತು, ಈ ಸಲ ಒಂಬತ್ತು ಜನ. ರೋಜಾ ತನ್ನ ಜಾಗ ಬಿಟ್ಟು ಹೊರಗೆ ಹೋಗಿ ಕೈಚೀಲಗಳ ಹತ್ತಿರ ನಿಲ್ಲಲು ಹೊರಟಿದ್ದಳು. ಲಕ್ಷ್ಮಕ್ಕ ಅವಳ ಭುಜ ಹಿಡಿದು ಇದ್ದಲ್ಲೇ ನಿಲ್ಲಿಸಿ, ಅಪ್ಪಯ್ಯ ಬಲಗೈ ಕಡೆಗೆ ಬರುವ ಹಾಗೆ ತಿರುಗಿಸಿದಳು. ಆಮೇಲೆ ತಾನು ಅವಳ ಬೆನ್ನ ಹಿಂದಿನ ಜಾಗಕ್ಕೆ ಹೋಗಿ ನಿಂತಳು.

ಎಲ್ಲರ ಕೈಗಳು ಚಪ್ಪಾಳೆಗೆ ಮೇಲೆ ಬಂದವು. ಇನ್ನು ಅತ್ತೆ ಎತ್ತುತ್ತಾಳೆ ಎಂದು ರೋಜಾ ಕಾದಳು. ಹಿಂದಿನಿಂದ ದನಿ ಬರಲಿಲ್ಲ. ಕೆಮ್ಮು ಕೂಡ ಬರಲಿಲ್ಲ. ಅತ್ತೆಯ ಮುಖದಲ್ಲಿ ಸಿಟ್ಟಿದೆಯೋ ಇನ್ನೇನಿದೆಯೋ ಎಂದು ತಿರುಗಿ ನೋಡಬೇಕೆನ್ನಿಸಿತು. ಆದರೆ ಕೈ ಎತ್ತಿ ನಿಂತ ಮೇಲೆ ಎತ್ತುವವಳು ಹಿಂದೆ ತಿರುಗುವಂತಿಲ್ಲ. ಹಿಂದೆ ಉಸಿರಾಟವೊಂದೇ ಕೇಳುತ್ತಿತ್ತು, ಮಂಡಿನೋವಿನ ಹೆಂಗಸಿನ ಭಾರವಾದ ಉಸಿರಾಟ. ಮೊದಲ ಸಾಲು ತನಗಾಗಿ ಕಾಯುತ್ತಿದೆ ಎಂದು ರೋಜಾಳಿಗೆ ಆಗ ಅರ್ಥವಾಯಿತು.

"ಅವರೆಯ ಹೊಲದ ಮ್ಯಾಗೆ ಬೆಳ್ಳಿ ಮೂಡೈತೆ" ಎಂದು ಅವಳು ಎತ್ತಿದಳು, ಅಳುವಿನಲ್ಲಿ ಒಂದೊಂದು ಮಾತನ್ನೂ ನೂಲಿನ ಹಾಗೆ ಎಳೆಯುತ್ತಾ. ಹಟ್ಟಿಯವರು ಯಾರೂ ನಗಲಿಲ್ಲ. ಎರಡನೆಯ ಸಾಲನ್ನು ಲಕ್ಷ್ಮಕ್ಕ ಅವಳ ಹಿಂದೆ ಹಾಡಿದಳು, ಅವಳು ಎಳೆದ ಹಾಗೆಯೇ ಎಳೆದು.